ಹಿಂಗಾರಿನ ವಾರವನ್ನು ಓದುವುದು ಹೇಗೆ: ಮುನ್ಸೂಚನೆಯಿಂದ ಕಣದವರೆಗೆ, ಹಂತ ಹಂತವಾಗಿ

ಅಕ್ಟೋಬರ್, ನವೆಂಬರ್ ಬಂತೆಂದರೆ ಒಂದೇ ತಪ್ಪು ಮತ್ತೆ ಮತ್ತೆ ಆಗುತ್ತದೆ. ಮೊಬೈಲಿನಲ್ಲಿ ಸೂರ್ಯನ ಚಿತ್ರ ಕಂಡಿತೆಂದು ರಾಗಿಗೆ ಕುಡುಗೋಲು ಹಾಕುತ್ತಾರೆ. ಮೂರನೇ ದಿನ ಕೊಯ್ದು ಹಾಸಿದ ಅರಿಯೆಲ್ಲ ನೆನೆದು ತೆನೆಯಲ್ಲೇ ಮೊಳಕೆ ಇಣುಕುತ್ತದೆ. ಇನ್ನು ಕೆಲವರು ಟಿವಿಯಲ್ಲಿ ‘ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ’ ಎಂದು ಕೇಳಿದ ಕೂಡಲೇ ಕೊಯ್ಲು ನಿಲ್ಲಿಸುತ್ತಾರೆ. ಒಳ್ಳೆಯ ಬಿಸಿಲಿನ ನಾಲ್ಕೈದು ದಿನ ಹಾಗೇ ಹೋಗುತ್ತದೆ, ಬಲಿತ ಕಾಳು ಹೊಲದಲ್ಲೇ ಉದುರುತ್ತದೆ. ಬಹಳ ಸಲ ಎರಡೂ ಕಡೆ ಮುನ್ಸೂಚನೆ ಸರಿಯಾಗಿಯೇ ಇರುತ್ತದೆ, ಅದನ್ನು ಓದಿದ ಕ್ರಮ ತಪ್ಪಿರುತ್ತದೆ.

ಕ್ರಮ ಹೀಗಿರಬೇಕು: ಮೊದಲು ನಿಮ್ಮ ವಲಯ, ಆಮೇಲೆ ಸಮುದ್ರ, ಆಮೇಲೆ ಮುನ್ಸೂಚನೆಯ ಪದಗಳು, ಆಮೇಲೆ ದಿನದ ಲೆಕ್ಕ, ಕೊನೆಗೆ ತಲೆಯ ಮೇಲಿನ ಆಕಾಶ. ಮೊಬೈಲಿನ ಚಿತ್ರಕ್ಕೆ ಈ ಸಾಲಿನಲ್ಲಿ ಜಾಗವೇ ಇಲ್ಲ. ಕಾರಣ ಮುಂದೆ ಬರುತ್ತದೆ.

ಮೊದಲು ಕೈಯಲ್ಲಿರಬೇಕಾದದ್ದು

ಫೋನಿನಲ್ಲಿ ನಾಲ್ಕು ಆ್ಯಪ್ ಸಾಕು. ಭಾರತೀಯ ಹವಾಮಾನ ಇಲಾಖೆಯ ‘ಮೌಸಮ್’, ಕೃಷಿ ಸಲಹೆಗೆ ‘ಮೇಘದೂತ್’, ಸಿಡಿಲಿಗೆ ‘ದಾಮಿನಿ’ ಅಥವಾ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’, ತುರ್ತು ಎಚ್ಚರಿಕೆಗೆ ‘ಸಚೇತ್’. ಸ್ಮಾರ್ಟ್‌ಫೋನ್ ಇಲ್ಲದವರು ಉಸ್ತುವಾರಿ ಕೇಂದ್ರದ ‘ವರುಣ ಮಿತ್ರ’ ಸಹಾಯವಾಣಿಗೆ ಕರೆ ಮಾಡಿ ಊರಿನ ಹೆಸರು ಹೇಳಿದರೆ ಮುನ್ಸೂಚನೆ ಹೇಳುತ್ತಾರೆ.

ಮನೆಯಲ್ಲಿ ಬೇಕಾದದ್ದು: ನೆಟ್ಟಗಿನ ಗೋಡೆಯ ಒಂದು ಡಬ್ಬಿ ಮತ್ತು ಸ್ಕೇಲು (ಮಳೆ ಅಳೆಯಲು), ತೂಕದ ಯಂತ್ರ, ಮುಚ್ಚಳವಿರುವ ಗಾಜಿನ ಬಾಟಲಿ, ಪುಡಿ ಉಪ್ಪು, ಒಂದು ನೋಟ್ ಪುಸ್ತಕ. ಕಣದಲ್ಲಿ ಹರಡಲು ಒಂದು ಟಾರ್ಪಾಲು, ಮುಚ್ಚಲು ಅಷ್ಟೇ ದೊಡ್ಡದು ಇನ್ನೊಂದು. ಹರಡಿದ್ದನ್ನೇ ಮಡಚಿ ಮುಚ್ಚುತ್ತೇವೆ ಎನ್ನುವ ಲೆಕ್ಕ ಮಳೆ ಹನಿಯುವಾಗ ಕೈಕೊಡುತ್ತದೆ. ಅಡಿಯಲ್ಲಿ ಹರಿದು ಬಂದ ನೀರು ಕಾಳಿನೊಳಗೆ ನಿಲ್ಲುತ್ತದೆ.

ಹಂತ 1: ನಿಮ್ಮ ಜಿಲ್ಲೆ ಯಾವ ವಲಯದ್ದು, ಖಚಿತ ಮಾಡಿಕೊಳ್ಳಿ

ಹವಾಮಾನ ಇಲಾಖೆ ದೇಶವನ್ನು 36 ಉಪವಿಭಾಗಗಳಾಗಿ ನೋಡುತ್ತದೆ. ಅದರಲ್ಲಿ ಕರ್ನಾಟಕಕ್ಕೆ ಮೂರು: ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು. ಮಲೆನಾಡು ಎಂಬ ಪ್ರತ್ಯೇಕ ವಲಯ ಅಲ್ಲಿಲ್ಲ. ಶಿವಮೊಗ್ಗ, ಚಿಕ್ಕಮಗಳೂರು, ಹಾಸನ, ಕೊಡಗು ಎಲ್ಲವೂ ದಕ್ಷಿಣ ಒಳನಾಡಿಗೆ ಸೇರುತ್ತವೆ. ಬಳ್ಳಾರಿ, ವಿಜಯನಗರ, ದಾವಣಗೆರೆ, ಚಿತ್ರದುರ್ಗವೂ ಅಲ್ಲೇ. ಬಳ್ಳಾರಿಯವರು ‘ಉತ್ತರ ಒಳನಾಡಿನಲ್ಲಿ ಒಣ ಹವೆ’ ಎಂಬುದನ್ನು ತಮ್ಮದೆಂದು ತಿಳಿದು ಮೋಸಹೋಗುವುದು ಇಲ್ಲೇ.

ಹಿಂಗಾರು ಎಂದು ಇಲಾಖೆ ಲೆಕ್ಕಕ್ಕೆ ಹಿಡಿಯುವುದು ಐದು ಉಪವಿಭಾಗಗಳನ್ನು: ತಮಿಳುನಾಡು, ಕೇರಳ, ಕರಾವಳಿ ಆಂಧ್ರ, ರಾಯಲಸೀಮೆ, ನಮ್ಮ ದಕ್ಷಿಣ ಒಳನಾಡು. ಮುಂಗಾರು ದೇಶದಿಂದ ಪೂರ್ತಿ ಹಿಂದೆ ಸರಿಯುವ ವಾಡಿಕೆಯ ದಿನ ಅಕ್ಟೋಬರ್ 15, ಹಿಂಗಾರು ಕೂಡಿಕೊಳ್ಳುವುದು ಅಕ್ಟೋಬರ್ 20ರ ಆಸುಪಾಸು. ಅಂದರೆ ಚಿತ್ತಾ ಮಳೆಯ ನಡುವೆ ಗಾಳಿ ದಿಕ್ಕು ಬದಲಿಸುತ್ತದೆ. ಆ ಹತ್ತು–ಹನ್ನೆರಡು ದಿನವೇ ಅತಿ ಗೊಂದಲದ್ದು. ಬೆಳಿಗ್ಗೆ ಸುಡುವ ಬಿಸಿಲು, ಮಧ್ಯಾಹ್ನ ಮೂರರ ಮೇಲೆ ಗುಡುಗು. ಸ್ವಾತಿ, ವಿಶಾಖ ಮಳೆಗಳ ಹೊತ್ತಿಗೆ ಸ್ವಭಾವ ಬೇರೆ: ಮೋಡ ಕವಿದುಕೊಂಡು ಎರಡು ಮೂರು ದಿನ ಬಿಡದ ಜಡಿಮಳೆ, ಮಧ್ಯೆ ಉದ್ದನೆಯ ಒಣ ಬಿಡುವು. ಕೊಯ್ಲನ್ನು ಹೊಂದಿಸಬೇಕಾದದ್ದು ಆ ಬಿಡುವಿಗೆ.

ಹಂತ 2: ಸಮುದ್ರ ನೋಡಿ, ಅದು ದಾಟುವ ಜಾಗ ನೋಡಿ

ವಾರದ ಲೆಕ್ಕ ಶುರುವಾಗಬೇಕಾದದ್ದು ಇಲ್ಲಿಂದ. ‘ವಾಯುಭಾರ ಕುಸಿತ ಇದೆಯೇ?’ ಎಂಬ ಪ್ರಶ್ನೆ ಅರ್ಧ ಮಾತ್ರ. ‘ಎಲ್ಲಿ ದಡ ದಾಟುತ್ತದೆ?’ ಎಂಬುದು ಪೂರ್ತಿ ಪ್ರಶ್ನೆ.

ಒಡಿಶಾ, ಪಶ್ಚಿಮ ಬಂಗಾಳದ ಕಡೆ ತಿರುಗಿದರೆ ಕರ್ನಾಟಕಕ್ಕೆ ನೇರ ಮಳೆ ಕಡಿಮೆ. 2013ರ ಅಕ್ಟೋಬರ್ 12ರಂದು ಒಡಿಶಾದ ಗೋಪಾಲಪುರದ ಬಳಿ ದಾಟಿದ ಫೈಲಿನ್ ಚಂಡಮಾರುತ ಈ ದಾರಿಯದು. ಅಂಥ ಹೊತ್ತಿನಲ್ಲಿ ಸುಳಿ ತೇವವನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ, ನಮ್ಮ ಮೇಲೆ ಬಡಗಣ ಗಾಳಿ ಬೀಸುವ ಸಾಧ್ಯತೆ ಹೆಚ್ಚು. ಟಿವಿಯಲ್ಲಿ ಚಂಡಮಾರುತದ ಸುದ್ದಿ, ಹೊಲದಲ್ಲಿ ಒಳ್ಳೆಯ ಬಿಸಿಲು! ಭಯಪಟ್ಟು ಕೊಯ್ಲು ನಿಲ್ಲಿಸಿದವರು ಕಳೆದುಕೊಳ್ಳುವುದು ಈ ದಿನಗಳನ್ನೇ.

ಕಾಕಿನಾಡದ ಸುತ್ತಮುತ್ತ ಆಂಧ್ರ ದಡ ದಾಟಿದರೆ ಉತ್ತರ ಒಳನಾಡು ಎಚ್ಚರವಾಗಬೇಕು. 2020ರ ಅಕ್ಟೋಬರ್ 13ರಂದು ಕಾಕಿನಾಡದ ಬಳಿ ದಾಟಿದ ತೀವ್ರ ವಾಯುಭಾರ ಕುಸಿತ ತೆಲಂಗಾಣ ಹಾದು ಪಶ್ಚಿಮಕ್ಕೆ ನಡೆಯಿತು. ಹೈದರಾಬಾದ್ ಮುಳುಗಿತು, ಕಲಬುರಗಿ ಭಾಗದಲ್ಲಿ ಭೀಮೆ ಉಕ್ಕಿತು. ದಡ ದಾಟಿದ ಮೇಲೆ ‘ದುರ್ಬಲಗೊಂಡಿದೆ’ ಎಂಬ ಸುದ್ದಿ ಬಂದರೆ ನಿರಾಳವಾಗಬೇಡಿ. ಇಳಿಯುವುದು ಗಾಳಿಯ ವೇಗ, ಮಳೆಯಲ್ಲ. ಹೊತ್ತು ತಂದ ತೇವ ಒಳನಾಡಿನಲ್ಲೇ ಸುರಿಯುತ್ತದೆ.

ಚೆನ್ನೈ–ಪುದುಚೇರಿ ನಡುವೆ ದಾಟಿದರೆ ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು, ತುಮಕೂರಿನ ರಾಗಿಗೆ ಇದಕ್ಕಿಂತ ಕೆಟ್ಟ ದಾರಿ ಬೇರೆ ಇಲ್ಲ. 2021ರ ನವೆಂಬರ್ 19ರ ವಾಯುಭಾರ ಕುಸಿತ ಹೀಗೇ ಬಂದದ್ದು. 2024ರ ನವೆಂಬರ್ 30ರಂದು ಪುದುಚೇರಿ ಬಳಿ ದಾಟಿದ ಫೆಂಗಲ್ ಚಂಡಮಾರುತ ಒಳನಾಡು ಹಾದು, ಮುಂದಿನ ಎರಡು ಮೂರು ದಿನಗಳಲ್ಲಿ ದಕ್ಷಿಣ ಕನ್ನಡದವರೆಗೂ ಮಳೆ ತಂದಿತು. ಹಾಗಾಗಿ ಪೂರ್ವದ ದಡಕ್ಕೆ ಬಂದದ್ದು ನಮಗೇಕೆ ಎಂದು ಕರಾವಳಿಯವರು ಬಿಡುವಂತಿಲ್ಲ.

ಅರಬ್ಬೀ ಸಮುದ್ರದಲ್ಲಿ ಹುಟ್ಟಿ ದಡದ ಉದ್ದಕ್ಕೂ ಬಡಗಲಿಗೆ ಸರಿದರೆ ಕರಾವಳಿ ಮತ್ತು ಘಟ್ಟದ ಅಂಚಿಗೆ ಮಳೆ, ಸಮುದ್ರದಲ್ಲಿ ಗಾಳಿ. ಮೀನುಗಾರರು ಇಲ್ಲಿ ಮಳೆಯ ನಕ್ಷೆ ಬಿಟ್ಟು ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ‘ಇನ್‌ಕಾಯ್ಸ್’ ಕೊಡುವ ಅಲೆಯ ಎತ್ತರ ಮತ್ತು ಇಲಾಖೆಯ ಗಾಳಿ ಎಚ್ಚರಿಕೆಯನ್ನೇ ನೋಡಬೇಕು. ಆಕಾಶ ತಿಳಿಯಾಗಿದ್ದರೂ ಸಮುದ್ರಕ್ಕೆ ಇಳಿಯಬೇಡಿ ಎಂದಿದ್ದರೆ ಇಳಿಯುವಂತಿಲ್ಲ.

ಹೆಸರುಗಳ ಅಳತೆಯೂ ತಿಳಿದಿರಲಿ. ಸುತ್ತುವ ಗಾಳಿ ಗಂಟೆಗೆ 31 ಕಿ.ಮೀ.ಗಿಂತ ಕಡಿಮೆ ಇದ್ದರೆ ಕಡಿಮೆ ಒತ್ತಡದ ಪ್ರದೇಶ. 31ರಿಂದ 50 ವಾಯುಭಾರ ಕುಸಿತ, 51ರಿಂದ 62 ತೀವ್ರ ವಾಯುಭಾರ ಕುಸಿತ, 63 ದಾಟಿದರೆ ಚಂಡಮಾರುತ. ಈ ದರ್ಜೆಗಳು ಗಾಳಿಯದ್ದು, ಮಳೆಯದ್ದಲ್ಲ. ಹೆಸರೇ ಇಲ್ಲದ ಕಡಿಮೆ ಒತ್ತಡ ನಿಧಾನವಾಗಿ ಸಾಗಿದರೆ, ಓಡಿ ಹೋಗುವ ಚಂಡಮಾರುತಕ್ಕಿಂತ ಹೆಚ್ಚು ಮಳೆ ಸುರಿಸಬಲ್ಲದು. ಹಾಗಾಗಿ ವೇಗದ ಜತೆ ‘ಕಳೆದ ಆರು ಗಂಟೆಯಲ್ಲಿ ಎಷ್ಟು ಸರಿದಿದೆ’ ಎಂಬ ಸಾಲನ್ನೂ ಹುಡುಕಿ ಓದಿ. ಚಂಡಮಾರುತವಾದ ಮೇಲೆ ಇಲಾಖೆ 3 ಗಂಟೆಗೊಮ್ಮೆ ಹೊಸ ವರದಿ ಕೊಡುತ್ತದೆ. ನಕ್ಷೆಯಲ್ಲಿ ದಾರಿಯ ಸುತ್ತ ಬಿಡಿಸಿರುವ ಅಗಲದ ಪಟ್ಟಿಯೊಳಗೆ ಎಲ್ಲಿ ಬೇಕಾದರೂ ಅದು ಹೋಗಬಹುದು. ನಡುಗೆರೆಯನ್ನೇ ನಂಬಬೇಡಿ.

ಸಮುದ್ರದಲ್ಲಿ ಏನೂ ಇಲ್ಲದಿದ್ದರೆ ಉಳಿಯುವುದು ಮಧ್ಯಾಹ್ನದ ಗುಡುಗು ಮಳೆ. ಅದನ್ನು ಏಳು ದಿನ ಮೊದಲೇ ಊರಿನ ಮಟ್ಟಕ್ಕೆ ಯಾರೂ ಹೇಳಲಾರರು. ಅದಕ್ಕೆ ಹಂತ 6 ಇದೆ.

ಹಂತ 3: ಮುನ್ಸೂಚನೆಯ ಪದಗಳನ್ನು ಅಳೆದು ಓದಿ

‘ದಕ್ಷಿಣ ಒಳನಾಡಿನ ಹಲವು ಕಡೆ ಹಗುರದಿಂದ ಸಾಧಾರಣ ಮಳೆ, ಒಂದೆರಡು ಕಡೆ ಭಾರಿ ಮಳೆ ಸಾಧ್ಯತೆ.’ ಈ ಒಂದು ವಾಕ್ಯದಲ್ಲಿ ಮೂರು ಬೇರೆ ಬೇರೆ ಸಂಗತಿಗಳಿವೆ: ಎಷ್ಟು ಜಾಗದಲ್ಲಿ, ಎಷ್ಟು ಪ್ರಮಾಣ, ಎಷ್ಟು ಖಚಿತ.

ಜಾಗ: ‘ಒಂದೆರಡು ಕಡೆ’ ಎಂದರೆ ಆ ವಲಯದ ಮಳೆಮಾಪನ ಕೇಂದ್ರಗಳಲ್ಲಿ ನೂರಕ್ಕೆ 25ರೊಳಗೆ. ‘ಕೆಲವು ಕಡೆ’ 26ರಿಂದ 50. ‘ಹಲವು ಕಡೆ’ 51ರಿಂದ 75. ‘ಬಹುತೇಕ ಕಡೆ’ 76ರ ಮೇಲೆ. ಪತ್ರಿಕೆಗಳು ಈ ಪದಗಳನ್ನು ಮನಬಂದಂತೆ ಬದಲಿಸುತ್ತವೆ, ‘ಅಲ್ಲಲ್ಲಿ’, ‘ವ್ಯಾಪಕ’ ಎಂದೆಲ್ಲ ಬರೆಯುತ್ತವೆ. ಸಾಧ್ಯವಾದರೆ ಇಲಾಖೆಯ ಮೂಲ ಪ್ರಕಟಣೆಯನ್ನೇ ನೋಡಿ.

ಪ್ರಮಾಣ: 24 ಗಂಟೆಯಲ್ಲಿ 2.5ರಿಂದ 15.5 ಮಿ.ಮೀ. ಹಗುರ, 15.6ರಿಂದ 64.4 ಸಾಧಾರಣ, 64.5ರಿಂದ 115.5 ಭಾರಿ, 115.6ರಿಂದ 204.4 ಅತಿ ಭಾರಿ, ಅದಕ್ಕೂ ಮೇಲೆ ವಿಪರೀತ ಭಾರಿ. ಇಲ್ಲಿ ಎಡವುವುದು ‘ಸಾಧಾರಣ’ ಎಂಬ ಪದದಲ್ಲಿ. ನಮ್ಮ ಮಾತಿನಲ್ಲಿ ಸಾಧಾರಣವೆಂದರೆ ಏನೂ ಆಗದು ಎಂದರ್ಥ. ಇಲಾಖೆಯ ಲೆಕ್ಕದಲ್ಲಿ 60 ಮಿ.ಮೀ. ಕೂಡ ಸಾಧಾರಣವೇ. ಒಂದು ಗುಂಟೆಯ ಮೇಲೆ 10 ಮಿ.ಮೀ. ಮಳೆ ಎಂದರೆ ಸುಮಾರು 1,000 ಲೀಟರ್ ನೀರು. 60 ಮಿ.ಮೀ. ಎಂದರೆ ಗುಂಟೆಗೆ 6,000 ಲೀಟರ್, ಎಕರೆಗೆ ಎರಡೂವರೆ ಲಕ್ಷ ಲೀಟರ್ ಹತ್ತಿರ. ಕೊಯ್ದು ಬಿಟ್ಟ ಅರಿಯನ್ನು ಹಾಳುಮಾಡಲು ಹಗುರ ಮಳೆಯೇ ಸಾಕು. ಆದ್ದರಿಂದ ಕಣದ ಕೆಲಸಕ್ಕೆ ‘ಭಾರಿ’ ಎಂಬ ಪದಕ್ಕಾಗಿ ಕಾಯಬೇಡಿ, ‘ಹಲವು ಕಡೆ ಹಗುರ’ ಎಂದರೇ ಕೈ ತಡೆಯಿರಿ. ಬಸಿಗಾಲುವೆ, ಬದು, ಕೆರೆ ಕೋಡಿಯ ಕೆಲಸಕ್ಕೆ ಮಾತ್ರ ‘ಭಾರಿ’ಯನ್ನು ನೋಡಿ.

ಖಚಿತತೆ: ಇಂಗ್ಲಿಷ್ ಪ್ರಕಟಣೆಯಲ್ಲಿ ‘ಲೈಕ್ಲಿ’ ಎಂದಿದ್ದರೆ ಸಾಧ್ಯತೆ ನೂರಕ್ಕೆ 25ರಿಂದ 50, ‘ವೆರಿ ಲೈಕ್ಲಿ’ 50ರಿಂದ 75, ‘ಮೋಸ್ಟ್ ಲೈಕ್ಲಿ’ 75ರ ಮೇಲೆ. ಕನ್ನಡಕ್ಕೆ ಬರುವಾಗ ಮೂರೂ ‘ಸಾಧ್ಯತೆ’ ಎಂಬ ಒಂದೇ ಪದವಾಗಿಬಿಡುವುದುಂಟು. ನಷ್ಟ ದೊಡ್ಡದಿದ್ದಾಗ ಮೂಲ ಪದ ಯಾವುದೆಂದು ನೋಡುವುದು ಒಳ್ಳೆಯದು.

ಬಣ್ಣಗಳ ವಿಷಯ ಸರಳ. ಹಸಿರು: ಎಚ್ಚರಿಕೆ ಇಲ್ಲ. ಹಳದಿ: ಗಮನಿಸುತ್ತಿರಿ. ಕಿತ್ತಳೆ: ಸಿದ್ಧರಾಗಿ. ಕೆಂಪು: ಈಗಲೇ ಕ್ರಮ ಕೈಗೊಳ್ಳಿ. ಆದರೆ ಹಸಿರು ಎಂದರೆ ಮಳೆ ಇಲ್ಲ ಎಂದಲ್ಲ, ಎಚ್ಚರಿಸುವಷ್ಟು ಮಳೆ ಇಲ್ಲ ಎಂದಷ್ಟೇ. ಹಸಿರು ನೋಡಿ ಭತ್ತ ಹರಡಿ ಪೇಟೆಗೆ ಹೋದವರ ಕಣ ನೆನೆಯುವುದು ಇದರಿಂದ.

ಮೊಬೈಲಿನ ಮೋಡ–ಸೂರ್ಯದ ಚಿತ್ರವನ್ನು ಬಿಡಿ ಎಂದದ್ದೇಕೆ? ಆ ಆ್ಯಪ್‌ಗಳಲ್ಲಿ ಬಹಳಷ್ಟು ಜಗತ್ತಿನ ದೊಡ್ಡ ಗಣಕ ಮಾದರಿಗಳಿಂದ ಅಂಕಿ ತೆಗೆಯುತ್ತವೆ. ಯುರೋಪಿನ ಮಾದರಿ ನೆಲವನ್ನು ಸುಮಾರು 9 ಕಿ.ಮೀ. ಚೌಕಗಳಾಗಿ ನೋಡುತ್ತದೆ, ಅಮೆರಿಕದ ಜಿಎಫ್‌ಎಸ್ ಮಾದರಿ ಸುಮಾರು 13 ಕಿ.ಮೀ. ಚೌಕಗಳಾಗಿ. ಐದಾರು ಕಿ.ಮೀ. ಅಗಲದ ಗುಡುಗು ಮೋಡ ಆ ಬಲೆಯಲ್ಲಿ ಸರಿಯಾಗಿ ಸಿಗುವುದಿಲ್ಲ. ಜತೆಗೆ ಇಡೀ ದಿನಕ್ಕೆ ಒಂದೇ ಚಿತ್ರ ಆರಿಸಬೇಕಾದ್ದರಿಂದ ಹಗಲು ಬಿಸಿಲು, ಸಂಜೆ ಮಳೆಯ ದಿನಕ್ಕೂ ಸೂರ್ಯನೇ ಬರಬಹುದು. ‘60%’ ಎಂಬುದು ಮಳೆ ಬರುವ ಸಾಧ್ಯತೆಯನ್ನು ಹೇಳುತ್ತದೆ, ಎಷ್ಟು ಹೊತ್ತು ಎಷ್ಟು ಸುರಿಯುತ್ತದೆ ಎಂಬುದನ್ನಲ್ಲ.

ಹಂತ 4: ದಿನದ ಲೆಕ್ಕ

ಹವಾಮಾನ ಇಲಾಖೆಯ ದಿನ ಶುರುವಾಗುವುದು ಬೆಳಿಗ್ಗೆ 8.30ಕ್ಕೆ, ಮುಗಿಯುವುದು ಮರುದಿನ 8.30ಕ್ಕೆ. ‘12ನೇ ತಾರೀಖು 40 ಮಿ.ಮೀ. ಮಳೆ ದಾಖಲು’ ಎಂದರೆ ಅದರ ಬಹುಪಾಲು 11ರ ಹಗಲು–ರಾತ್ರಿಯದ್ದು. ಮೊದಲ ದಿನದ ಮುನ್ಸೂಚನೆಯಲ್ಲೂ ಮರುದಿನ ಬೆಳಗಿನ ಜಾವ ಸೇರಿರುತ್ತದೆ. ಉಪಗ್ರಹದ ಚಿತ್ರಗಳ ಮೇಲೆ ‘ಯುಟಿಸಿ’ (ಜಾಗತಿಕ ಸಮಯ) ಎಂದಿರುವ ಸಮಯಕ್ಕೆ ಐದೂವರೆ ಗಂಟೆ ಕೂಡಿಸಬೇಕು. 0900 ಎಂದಿದ್ದರೆ ನಮ್ಮ ಮಧ್ಯಾಹ್ನ 2.30. ಇದನ್ನು ಮರೆತವರು ಹಳೆಯ ಮೋಡ ನೋಡಿ ಹೊಸದೆಂದು ಓಡುತ್ತಾರೆ.

ಎಷ್ಟನೇ ದಿನವನ್ನು ಎಷ್ಟು ನಂಬಬೇಕು? ನಮ್ಮ ಸಲಹೆ ಹೀಗೆ. ಮೊದಲ ಎರಡು ದಿನದ ಮಾತಿನ ಮೇಲೆ ಕೊಯ್ಲು ತೀರ್ಮಾನಿಸಿ. ಮೂರನೇ ದಿನವನ್ನು ಸಮುದ್ರದ ಸ್ಥಿತಿಯ ಜತೆ ಸೇರಿಸಿ ಓದಿ. ನಾಲ್ಕು–ಐದನೇ ದಿನ ಆಳುಗಳಿಗೆ, ಕೊಯ್ಲು ಯಂತ್ರಕ್ಕೆ ‘ಬಹುಶಃ ಆ ದಿನ’ ಎಂದು ಹೇಳಿಡಲು ಸಾಕು, ಮುಂಗಡ ಕೊಡಲು ಸಾಲದು. ಆರು–ಏಳನೆಯದು ಮಳೆ ಹೆಚ್ಚುತ್ತಿದೆಯೋ ಕಡಿಮೆಯಾಗುತ್ತಿದೆಯೋ ಎಂಬ ದಿಕ್ಕು ತಿಳಿಯಲು ಮಾತ್ರ. ಅದಕ್ಕೂ ಮುಂದಿನದಕ್ಕೆ ಇಲಾಖೆ ಗುರುವಾರಗಳಂದು ಕೊಡುವ ವಿಸ್ತೃತ ಮುನ್ಸೂಚನೆ ಇದೆ. ಅದು ಇಡೀ ವಾರ ವಾಡಿಕೆಗಿಂತ ಹೆಚ್ಚೋ ಕಡಿಮೆಯೋ ಎಂದಷ್ಟೇ ಹೇಳುತ್ತದೆ.

ಒಂದು ಪರೀಕ್ಷೆ ತುಂಬಾ ಉಪಯೋಗಕ್ಕೆ ಬರುತ್ತದೆ. ಕೊಯ್ಲಿಗೆ ಗೊತ್ತುಮಾಡಿದ ದಿನದ ಮುನ್ಸೂಚನೆಯನ್ನು ಸತತ ಮೂರು ದಿನ ನೋಡಿ, ನೋಟ್ ಪುಸ್ತಕದಲ್ಲಿ ಬರೆಯಿರಿ. ಮೂರೂ ಸಲ ಒಂದೇ ಮಾತು ಬಂದರೆ ನಂಬಬಹುದು. ಒಣ, ಮಳೆ, ಒಣ ಎಂದು ಹೊಯ್ದಾಡಿದರೆ ಮಾದರಿಗಳಿಗೇ ಇನ್ನೂ ಗೊತ್ತಾಗಿಲ್ಲ ಎಂದರ್ಥ. ಅಂಥ ವಾರ ಮಳೆ ಬರುತ್ತದೆಂದೇ ಲೆಕ್ಕ ಹಾಕಿ.

ಹಂತ 5: ಬೆಳೆಗೆ ಬೇಕಾದ ಒಣ ದಿನಗಳನ್ನು ಎಣಿಸಿ

ಈಗ ಕೆಲಸದ ಕಡೆಯಿಂದ ನೋಡಿ. ನಿಮಗೆ ಎಷ್ಟು ಒಣ ದಿನ ಬೇಕು, ಮುನ್ಸೂಚನೆ ಎಷ್ಟು ಕೊಡುತ್ತಿದೆ?

ಕೈಯಲ್ಲಿ ಕೊಯ್ಯುವ ರಾಗಿಗೆ ಕೊಯ್ಲಿನ ದಿನ ಸೇರಿ ಕನಿಷ್ಠ ಮೂರು–ನಾಲ್ಕು ಒಣ ದಿನ ಬೇಕು, ಅರಿ ಒಣಗಿ ಕಟ್ಟಾಗಿ ಮೆದೆ ಏರುವವರೆಗೆ. ಎರಡೇ ದಿನ ಸಿಗುವಂತಿದ್ದರೆ ಪೂರ್ತಿ ಹೊಲ ಕೊಯ್ಯಬೇಡಿ. ಎರಡು ದಿನದಲ್ಲಿ ಕಟ್ಟಿ ಮುಚ್ಚಬಲ್ಲಷ್ಟೇ ಕೊಯ್ಯಿರಿ. ನಿಂತ ತೆನೆ ನೆನೆದರೂ ಗಾಳಿಗೆ ಬೇಗ ಆರುತ್ತದೆ, ನೆಲಕ್ಕೆ ಬಿದ್ದ ಅರಿ ಆರುವುದಿಲ್ಲ. ಅನುಮಾನ ಇದ್ದಾಗ ನಿಂತ ಬೆಳೆಯೇ ಕ್ಷೇಮ. ಆದರೆ ಬೆಳೆ ಈಗಾಗಲೇ ಒರಗಿದ್ದರೆ ಈ ಮಾತು ತಿರುಗುಮುರುಗು, ಮೊದಲು ಕೊಯ್ಯಬೇಕಾದದ್ದು ಅದನ್ನೇ.

ಯಂತ್ರದಲ್ಲಿ ಕೊಯ್ಯುವ ಭತ್ತಕ್ಕೆ ಹೊಲದಲ್ಲಿ ಒಂದೇ ಒಣ ದಿನ ಸಾಕು, ಆಮೇಲೆ ಕಣದಲ್ಲಿ ಎರಡರಿಂದ ನಾಲ್ಕು ದಿನ ಬೇಕು. ಕೊಯ್ಲಿನ ಹೊತ್ತಿಗೆ ಕಾಳಿನ ತೇವ ನೂರಕ್ಕೆ 20ರಿಂದ 24 ಇರುತ್ತದೆ. ಬೆಂಬಲ ಬೆಲೆಯ ಖರೀದಿಗೆ 17 ದಾಟಬಾರದು, ತಿಂಗಳುಗಟ್ಟಲೆ ಇಡಲು 14ರ ಕೆಳಗೆ ಬರಬೇಕು. ಮೆಕ್ಕೆಜೋಳಕ್ಕೆ ಖರೀದಿ ಮಿತಿ 14. ಶೇಂಗಾ ಕಾಯಿ ದಾಸ್ತಾನಿಗೆ 8–9ಕ್ಕೆ ಇಳಿಯಬೇಕು. ಅರೆಬರೆ ಒಣಗಿದ ಶೇಂಗಾ, ಮೆಕ್ಕೆಜೋಳವನ್ನು ಚೀಲಕ್ಕೆ ತುಂಬಿದರೆ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ವಿಷ ಸೇರುತ್ತದೆ. ಅದು ಬೇಯಿಸಿದರೂ ಪೂರ್ತಿ ಹೋಗದು, ದನಕರುಗಳಿಗೂ ಹಾಕುವಂತಿಲ್ಲ.

ತೇವ ತಿಳಿಯಲು ಯಂತ್ರವೇ ಬೇಕೆಂದಿಲ್ಲ. ಒಣ ಗಾಜಿನ ಬಾಟಲಿಗೆ ಕಾಲುಭಾಗ ಕಾಳು, ಎರಡು ಮೂರು ಚಮಚ ಚೆನ್ನಾಗಿ ಒಣಗಿದ ಪುಡಿ ಉಪ್ಪು ಹಾಕಿ, ಮುಚ್ಚಿ ಒಂದು ನಿಮಿಷ ಕುಲುಕಿ, ಹತ್ತು ನಿಮಿಷ ಬಿಡಿ. ಉಪ್ಪು ಗಾಜಿನ ಗೋಡೆಗೆ ಅಂಟಿದರೆ ತೇವ 15ರ ಮೇಲಿದೆ. ಅಂಟದೆ ಕೆಳಗೆ ಉದುರಿದರೆ ಅದಕ್ಕಿಂತ ಕಡಿಮೆ. ಉಪ್ಪು ಮೊದಲೇ ಹಸಿಯಾಗಿದ್ದರೆ ಪರೀಕ್ಷೆ ಕೆಡುತ್ತದೆ. ತೂಕದ ಲೆಕ್ಕವೂ ಇದೆ: 22ರ ತೇವದ 100 ಕೆ.ಜಿ. ಭತ್ತ 14ಕ್ಕೆ ಇಳಿದಾಗ ಸುಮಾರು 90.7 ಕೆ.ಜಿ. ತೂಗುತ್ತದೆ. ಒಂದು ಚೀಲ ಗುರುತು ಮಾಡಿ, ಅದರ ಕಾಳನ್ನು ಬೇರೆಯಾಗಿ ಹರಡಿ ದಿನಾ ಸಂಜೆ ತೂಗಿದರೆ ಇನ್ನೆಷ್ಟು ಬಾಕಿ ಎಂಬುದು ಗೊತ್ತಾಗುತ್ತದೆ.

ಹರಡುವಾಗ ಭತ್ತದ ದಪ್ಪ 2ರಿಂದ 4 ಸೆಂ.ಮೀ. ಇರಲಿ, ಅರ್ಧ ಗಂಟೆಗೊಮ್ಮೆ ತಿರುವಿ. 18×24 ಅಡಿಯ ಟಾರ್ಪಾಲಿನ ಮೇಲೆ ಅಂಚು ಬಿಟ್ಟು 4 ಸೆಂ.ಮೀ. ದಪ್ಪ ಹರಡಿದರೆ ಏಳೆಂಟು ಕ್ವಿಂಟಲ್ ಹಿಡಿಯುತ್ತದೆ. ಅದಕ್ಕಿಂತ ಹೆಚ್ಚು ಸುರಿದರೆ ಮೇಲಿನದು ಸಿಡಿಯುತ್ತದೆ, ಕೆಳಗಿನದು ಹಸಿಯಾಗೇ ಉಳಿಯುತ್ತದೆ. ಬೆಳಿಗ್ಗೆ ಇಬ್ಬನಿ ಆರುವ ಮುಂಚೆ ಹರಡಬೇಡಿ. ಒಣಗಿದ ಭತ್ತ ಮತ್ತೆ ನೆನೆದರೆ ಕಾಳಿನೊಳಗೆ ಕೂದಲೆಳೆಯಂಥ ಬಿರುಕು ಬಿಡುತ್ತದೆ, ಗಿರಣಿಯಲ್ಲಿ ಅಕ್ಕಿಯ ಬದಲು ನುಚ್ಚು ಬರುತ್ತದೆ. ಹಸಿ ಭತ್ತ ನೆನೆಯುವುದಕ್ಕಿಂತ ಮುಕ್ಕಾಲು ಒಣಗಿದ್ದು ನೆನೆಯುವುದು ಈ ಲೆಕ್ಕದಲ್ಲಿ ಹೆಚ್ಚು ನಷ್ಟ. ಕೊನೆಯ ದಿನವೇ ಅತಿ ಹುಷಾರಾಗಿರಬೇಕಾದ ದಿನ.

ಇತರ ಬೆಳೆಗಳು ಚುಟುಕಾಗಿ. ಕೊಡಗು, ಚಿಕ್ಕಮಗಳೂರಿನಲ್ಲಿ ನವೆಂಬರ್ ಹೊತ್ತಿಗೆ ಅರೇಬಿಕಾ ಹಣ್ಣಾಗಿರುತ್ತದೆ. ಮೂರು ದಿನ ಮಳೆ ಎಂದಿದ್ದರೆ ಹಣ್ಣು ಒಡೆದು ಉದುರುವ ಮುಂಚೆ ಮಾಗಿದ್ದನ್ನು ಕಿತ್ತು ಅಂದೇ ಸಿಪ್ಪೆ ಸುಲಿಯುವ ಪಲ್ಪರ್‌ಗೆ ಹಾಕಿ, ರಾಶಿ ಇಟ್ಟರೆ ಬಿಸಿಯೇರುತ್ತದೆ. ವಿಜಯಪುರದ ದ್ರಾಕ್ಷಿಯಲ್ಲಿ ಅಕ್ಟೋಬರ್ ಚಾಟನಿಯ (ಬಳ್ಳಿ ಸವರುವ ಕೆಲಸ) ನಂತರದ ಚಿಗುರಿಗೆ ಮಳೆ, ಮೋಡ ಎರಡೂ ಡೌನಿ ರೋಗದ ಆಹ್ವಾನ. ಔಷಧಿ ಮಳೆಗೆ ಮೊದಲು ಬೀಳಬೇಕು, ಬಿದ್ದ ಮೇಲೆ ನಾಲ್ಕರಿಂದ ಆರು ಗಂಟೆ ಒಣ ಹವೆ ಸಿಗಬೇಕು. ಕಲಬುರಗಿಯ ತೊಗರಿ ಹೂ–ಕಾಯಿ ಹಂತದಲ್ಲಿರುತ್ತದೆ. ಮೋಡ ಕವಿದ ವಾರ ಕಾಯಿಕೊರಕವನ್ನು ದಿನಾ ನೋಡಿ. ಕಡಲೆ, ಹಿಂಗಾರಿ ಜೋಳ ಬಿತ್ತುವವರಿಗೆ ಇದೇ ಮಳೆ ಹದ ತರುತ್ತದೆ, ಎರೆ ನೆಲದಲ್ಲಿ ಕಾಲಿಗೆ ಮಣ್ಣು ಮೆತ್ತುವುದು ನಿಂತ ಮೇಲೆ ಕೂರಿಗೆ ಹೂಡಿ. ಬೆಳೆವಾರು ಸಲಹೆ ಮಂಗಳವಾರ ಮತ್ತು ಶುಕ್ರವಾರ ‘ಮೇಘದೂತ್’ನಲ್ಲಿ ಹೊಸದಾಗಿ ಬರುತ್ತದೆ. ಸೋಮವಾರ ನೋಡಿದರೆ ಶುಕ್ರವಾರದ್ದನ್ನೇ ಓದುತ್ತಿರುತ್ತೀರಿ.

ಹಂತ 6: ಕೆಲಸದ ದಿನ, ಗಂಟೆಗೊಮ್ಮೆ

ಬೆಳಿಗ್ಗೆ 9ಕ್ಕೆ ‘ಮೌಸಮ್’ನಲ್ಲಿ ಮೂರು ಗಂಟೆಯ ತುರ್ತು ಮುನ್ಸೂಚನೆ ನೋಡಿ, 12ಕ್ಕೆ ಮತ್ತೊಮ್ಮೆ, 2ರ ನಂತರ ಗಂಟೆಗೊಮ್ಮೆ. ಇನ್ಸಾಟ್ ಉಪಗ್ರಹದ ಚಿತ್ರದಲ್ಲಿ ಕಣ್ಣು ಹುಡುಕಬೇಕಾದದ್ದು ಬಿಳಿ ಬಣ್ಣವನ್ನಲ್ಲ, ಅರ್ಧ ಗಂಟೆಯ ಅಂತರದ ಎರಡು ಚಿತ್ರಗಳ ನಡುವೆ ಗುಂಡಗೆ ಹಿಗ್ಗುತ್ತಿರುವ ಅಚ್ಚ ಬಿಳಿ ಚುಕ್ಕೆಯನ್ನು. ತೆಳ್ಳಗೆ ನಾರಿನಂತೆ ಹರಡಿದ ಬಿಳುಪು ಎತ್ತರದ ಮೋಡ, ಅದು ಬಿಸಿಲು ಮಂಕು ಮಾಡುತ್ತದೆ, ಮಳೆ ತರುವುದಿಲ್ಲ.

ರಾಡಾರ್ ಚಿತ್ರಕ್ಕೆ ಒಂದು ಮಿತಿ ಇದೆ. ಭೂಮಿ ಬಾಗಿರುವುದರಿಂದ ರಾಡಾರಿನ ಕಿರಣ 200–250 ಕಿ.ಮೀ. ದೂರ ಹೋಗುವಷ್ಟರಲ್ಲಿ ನೆಲದಿಂದ ಹಲವು ಕಿ.ಮೀ. ಮೇಲೇರಿರುತ್ತದೆ, ತಗ್ಗಿನ ಮೋಡದ ಮಳೆ ಅದರ ಕೆಳಗೇ ಉಳಿಯುತ್ತದೆ. ಚೆನ್ನೈ ರಾಡಾರ್ ಖಾಲಿ ತೋರಿಸಿತೆಂದು ಕೋಲಾರದಲ್ಲಿ ಕಣ ತೆರೆದಿಡಬೇಡಿ. ಕಾರವಾರದವರಿಗೆ ಗೋವಾ ರಾಡಾರ್ ಹತ್ತಿರದಲ್ಲಿರುವುದರಿಂದ ಚೆನ್ನಾಗಿ ಕೆಲಸಕ್ಕೆ ಬರುತ್ತದೆ.

ಆಕಾಶದ ಗುರುತುಗಳನ್ನೂ ಬಿಡಬೇಡಿ. ಹತ್ತು ಗಂಟೆಗೇ ಹೂಕೋಸಿನಂಥ ಮೋಡ ಮೇಲಕ್ಕೆ ಬೆಳೆಯತೊಡಗಿದರೆ ಮಧ್ಯಾಹ್ನದ ಗುಡುಗಿಗೆ ಸಿದ್ಧರಾಗಿ. ಅದರ ತುದಿ ಚಪ್ಪಟೆಯಾಗಿ ಕಮ್ಮಾರನ ಅಡಿಗಲ್ಲಿನಂತೆ ಹರಡಿದರೆ ಅದು ಪೂರ್ತಿ ಬಲಿತ ಗುಡುಗು ಮೋಡ. ಸೆಕೆಯ ನಡುವೆ ಇದ್ದಕ್ಕಿದ್ದಂತೆ ತಣ್ಣನೆಯ ಗಾಳಿ ಮಣ್ಣಿನ ವಾಸನೆ ಹೊತ್ತು ಬಂದರೆ ಉಳಿದಿರುವುದು ಹತ್ತಿಪ್ಪತ್ತು ನಿಮಿಷ. ಇದಕ್ಕೆ ವಿರುದ್ಧವಾಗಿ, ಬೆಳಿಗ್ಗೆ ದಟ್ಟ ಇಬ್ಬನಿ, ತಿಳಿ ನೀಲಿ ಆಕಾಶ, ಬಡಗಣದ ಒಣ ಚಳಿಗಾಳಿ ಇದ್ದರೆ ಅದು ಬಿಡುವಿನ ಲಕ್ಷಣ.

ಒಂದು ಅಳತೆ ಮೊದಲೇ ಮಾಡಿಟ್ಟುಕೊಳ್ಳಿ: ಹರಡಿದ ಕಾಳನ್ನು ಗುಡ್ಡೆ ಮಾಡಿ ಮುಚ್ಚಲು ನಿಮ್ಮ ಮನೆಯವರಿಗೆ ಎಷ್ಟು ನಿಮಿಷ ಬೇಕು? ಗುಡುಗು ಮೋಡ ಗಂಟೆಗೆ 30 ಕಿ.ಮೀ. ಸರಿದರೆ, 15 ಕಿ.ಮೀ. ದೂರದಲ್ಲಿ ಕಂಡದ್ದು ಅರ್ಧ ಗಂಟೆಗೆ ತಲೆಯ ಮೇಲೆ. ನಿಮಗೆ 40 ನಿಮಿಷ ಬೇಕಿದ್ದರೆ ಕಂಡ ಮೇಲೆ ಓಡಿ ಪ್ರಯೋಜನವಿಲ್ಲ. ಕಡಿಮೆ ಹರಡಿ.

ಕಣದ ಸುತ್ತ ಗೇಣುದ್ದ ಆಳದ ಕಾಲುವೆ ತೆಗೆದು ತಗ್ಗಿನ ಕಡೆ ಬಿಡಿ. ಗುಡ್ಡೆಯನ್ನು ಚೂಪಾಗಿ ಎಬ್ಬಿಸಿ, ಮೇಲೆ ಗುಂಡಿ ಬೀಳದಂತೆ ಮುಚ್ಚಿ, ಅಂಚಿಗೆ ಕಲ್ಲಿಡಿ. ಮಳೆ ನಿಂತ ತಕ್ಷಣ ತೆರೆಯಿರಿ. ರಾತ್ರಿಯಾದರೂ ಒಂದು ಬದಿ ಎತ್ತಿಡಿ. ಬೆಚ್ಚನೆಯ ಕಾಳನ್ನು ಬಿಗಿಯಾಗಿ ಮುಚ್ಚಿಟ್ಟರೆ ಒಳಗೆ ಬೆವರಿ, ಹೊರಗಿನ ಮಳೆಯಿಂದ ಉಳಿದದ್ದು ಒಳಗಿನ ಹಬೆಯಿಂದ ಕೆಡುತ್ತದೆ. ಗುಡ್ಡೆಯೊಳಗೆ ಕೈ ಹಾಕಿ ನೋಡಿ. ಬಿಸಿ ಅನ್ನಿಸಿದರೆ, ಹುಳಿ ವಾಸನೆ ಬಂದರೆ ಕೂಡಲೇ ಮಾಡಿನ ಕೆಳಗಾದರೂ ಹರಡಿ ಫ್ಯಾನು ಹಾಕಿ.

ಹಂತ 7: ಸಿಡಿಲು

ಕಾಳು ಮತ್ತೆ ಬೆಳೆಯಬಹುದು. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಅದು 10 ಕಿ.ಮೀ. ಒಳಗಿದೆ. ಮುಚ್ಚುವ ಕೆಲಸ ಅರ್ಧವಾಗಿದ್ದರೂ ಬಿಟ್ಟು ಒಳಗೆ ಹೋಗಿ. ಕೊನೆಯ ಗುಡುಗಿನಿಂದ 30 ನಿಮಿಷ ಕಳೆಯುವವರೆಗೆ ಹೊರಬರಬೇಡಿ. ಗೋಡೆ, ತಾರಸಿ ಇರುವ ಮನೆ ಅಥವಾ ಗಾಜು ಮುಚ್ಚಿದ ಕಾರು ಸರಿ. ಒಂಟಿ ಮರ, ಹೊಲದ ಗುಡಿಸಲು, ತೆರೆದ ಟ್ರ್ಯಾಕ್ಟರ್ ಸರಿಯಲ್ಲ. ಬಯಲಲ್ಲೇ ಸಿಕ್ಕಿಬಿದ್ದರೆ ಕುಡುಗೋಲು, ಸಲಿಕೆ ದೂರ ಇಟ್ಟು, ಪಾದ ಜೋಡಿಸಿ ಕುಕ್ಕರಗಾಲಲ್ಲಿ ತಲೆ ತಗ್ಗಿಸಿ ಕುಳಿತುಕೊಳ್ಳಿ. ಮಲಗಬೇಡಿ, ಗುಂಪಾಗಿ ನಿಲ್ಲಬೇಡಿ. ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ. ಮುಟ್ಟಬಹುದು, ಉಸಿರು ನಿಂತಿದ್ದರೆ ಎದೆ ಒತ್ತುವ ಚಿಕಿತ್ಸೆ ತಕ್ಷಣ ಶುರುಮಾಡಿ 108ಕ್ಕೆ ಕರೆ ಮಾಡಿ.

ಹಂತ 8: ಮಳೆ ಬಿದ್ದೇಬಿಟ್ಟರೆ

ಒರಗಿದ ಅಥವಾ ನೀರಲ್ಲಿ ನಿಂತ ಭತ್ತದ ತೆನೆ ಮೊಳೆಯದಂತೆ ಲೀಟರಿಗೆ 50 ಗ್ರಾಂ ಉಪ್ಪು ಕರಗಿಸಿ ತೆನೆಗೆ ಸಿಂಪಡಿಸಿ. ಇದು ಕೃಷಿ ವಿಜ್ಞಾನಿಗಳೇ ಸೂಚಿಸುವ ಶೇ. 5ರ ದ್ರಾವಣ. ಬೀಜಕ್ಕೆ ಇಡುವ ಭತ್ತಕ್ಕೆ ಬೇಡ. ನೀರು ಬಸಿದು ಹೋಗಲು ಬದು ಒಡೆಯಿರಿ. ಅರಿಗಳನ್ನು ಹೊಲದಿಂದ ಎತ್ತಿ ಬದುವಿನ ಮೇಲೆ ತೆನೆ ಮೇಲಾಗಿ ಒರಗಿಸಿ, ನೆನೆದದ್ದನ್ನು ಮೆದೆ ಹಾಕಬೇಡಿ. ನೆನೆದ ಕಾಳನ್ನು ಒಣಗಿದ ಕಾಳಿನ ಜತೆ ಸೇರಿಸಲೇಬೇಡಿ, ಒಂದು ಚೀಲ ಹಸಿ ಕಾಳು ಇಡೀ ರಾಶಿಯ ದರ್ಜೆ ಇಳಿಸುತ್ತದೆ.

ವಿಮೆ ಕಟ್ಟಿದವರಿಗೆ ಇಲ್ಲಿ ಗಡಿಯಾರ ಓಡುತ್ತಿರುತ್ತದೆ. ಫಸಲ್ ಬಿಮಾ ಯೋಜನೆಯಲ್ಲಿ ಕೊಯ್ದು ಹೊಲದಲ್ಲೇ ಒಣಗಲು ಹರಡಿದ ಅಥವಾ ಸಣ್ಣ ಕಟ್ಟು ಕಟ್ಟಿಟ್ಟ ಬೆಳೆಗೆ, ಕೊಯ್ಲಿನಿಂದ 14 ದಿನದವರೆಗೆ ಅಕಾಲಿಕ ಮಳೆ, ಚಂಡಮಾರುತದ ಮಳೆಯ ನಷ್ಟಕ್ಕೆ ರಕ್ಷಣೆ ಇದೆ. ಆದರೆ 72 ಗಂಟೆಯೊಳಗೆ ತಿಳಿಸಬೇಕು: 14447 ಸಹಾಯವಾಣಿಗೆ, ವಿಮಾ ಕಂಪನಿಗೆ, ಬ್ಯಾಂಕಿಗೆ ಅಥವಾ ರೈತ ಸಂಪರ್ಕ ಕೇಂದ್ರಕ್ಕೆ. ಮೊದಲು ಫೋಟೊ ತೆಗೆಯಿರಿ, ಹಿನ್ನೆಲೆಯಲ್ಲಿ ಹೊಲದ ಗುರುತು ಕಾಣುವಂತೆ. ಆಮೇಲೆ ಅರಿ ಎತ್ತಿ. ಕಣಕ್ಕೆ ಸಾಗಿಸಿದ ಕಾಳು, ಮನೆಯ ಮುಂದಿನ ರಾಶಿ ನೆನೆದರೆ ಈ ರಕ್ಷಣೆಯೊಳಗೆ ಬರುವುದಿಲ್ಲ. ಹಲವರ ಅರ್ಜಿ ಬೀಳುವುದು ಈ ಎರಡು ಕಾರಣಕ್ಕೆ, ತಡ ಮತ್ತು ಜಾಗ. ಕೊಯ್ದ ದಿನಾಂಕ ಸಾಬೀತಾಗಬೇಕಾದ್ದರಿಂದ ಕೊಯ್ಲಿನ ದಿನವೇ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.

ಹಂತ 9: ನಿಮ್ಮ ಹೊಲದ ಮಳೆಯನ್ನು ಬರೆದಿಡಿ

ನೆಟ್ಟಗಿನ ಗೋಡೆಯ ಡಬ್ಬಿಯನ್ನು ಮರ, ಮಾಡುಗಳಿಂದ ದೂರ, ಬಯಲಲ್ಲಿ ಅಲುಗದಂತೆ ನಿಲ್ಲಿಸಿ. ಬೆಳಿಗ್ಗೆ 8.30ಕ್ಕೆ ನೀರಿನ ಎತ್ತರವನ್ನು ಮಿ.ಮೀ. ಲೆಕ್ಕದಲ್ಲಿ ಅಳೆದು, ಚೆಲ್ಲಿ, ಖಾಲಿ ಮಾಡಿ. ತಂಪು ಪಾನೀಯದ ಬಾಟಲಿ ಕತ್ತರಿಸಿ ಮಾಡುವುದಾದರೆ ತಳದ ಡೊಂಕನ್ನು ಕಲ್ಲು, ನೀರಿನಿಂದ ತುಂಬಿ, ನೆಟ್ಟಗಾಗುವ ಜಾಗಕ್ಕೆ ಸೊನ್ನೆ ಗೆರೆ ಎಳೆಯಿರಿ. ಇದನ್ನು ಮರೆತರೆ ಪ್ರತಿ ಅಳತೆಯೂ ತಪ್ಪು. ಪಕ್ಕದಲ್ಲಿ ಹಿಂದಿನ ದಿನದ ಮುನ್ಸೂಚನೆ ಏನಿತ್ತು, ಗಾಳಿ ಯಾವ ಕಡೆಯದು, ಮಳೆ ಎಷ್ಟು ಹೊತ್ತಿಗೆ ಶುರುವಾಯಿತು ಎಂದು ಒಂದು ಸಾಲು ಬರೆಯಿರಿ.

ಎರಡು ಹಿಂಗಾರು ಬರೆದರೆ ನಿಮ್ಮ ಹೊಲದ ಸ್ವಭಾವ ಕಾಣತೊಡಗುತ್ತದೆ: ‘ಕೆಲವು ಕಡೆ’ ಎಂದಾಗ ನಿಮ್ಮಲ್ಲಿ ಹತ್ತರಲ್ಲಿ ಎಷ್ಟು ಸಲ ಬಿತ್ತು, ಮೂಡಣ ಗಾಳಿಯ ಮಳೆ ಗುಡ್ಡದ ಆಚೆಯೇ ನಿಲ್ಲುತ್ತದೆಯೇ, ಸಂಜೆ ಮಳೆ ನಾಲ್ಕಕ್ಕೆ ಬರುತ್ತದೆಯೋ ಏಳಕ್ಕೋ. ಹೊಸ ವಾರದ ಹಂತ 2ಕ್ಕೆ ಕುಳಿತುಕೊಳ್ಳುವಾಗ ಆ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಳ್ಳಿ.